ಹುಲಿ ಬೇಡ, ಹುಡುಗನನ್ನು ನಿಲ್ಲಿಸಿ

ನಮ್ಮ ತಾಲ್ಲೂಕಿನ ಯೋಧರ ಸ್ಮಾರಕ ಸಮಿತಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಚಂದಾ ಕೊಟ್ಟ ಎಲ್ಲ ಊರವರಿಗೆ,

ನಮಸ್ಕಾರ.

ಮೊನ್ನೆಯ ಸಭೆಯಲ್ಲಿ ನನಗೆ ಎರಡು ನಿಮಿಷ ಕೊಟ್ಟಿರಿ. ಒಂದೂವರೆ ನಿಮಿಷಕ್ಕೆ ಮೈಕು ಕೈಕೊಟ್ಟಿತು, ಅಷ್ಟರಲ್ಲಿ ಉಪ್ಪಿಟ್ಟೂ ಬಂತು. ಉಳಿದದ್ದನ್ನು ಹೀಗೆ ಬರೆಯುತ್ತಿದ್ದೇನೆ. ಎಲ್ಲರೂ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಯಾರೂ ವೈಯಕ್ತಿಕವಾಗಿ ತೆಗೆದುಕೊಳ್ಳಬೇಡಿ.

ಸ್ಮಾರಕಕ್ಕೆ ತರಿಸಬೇಕೆಂದಿರುವ ಪ್ರತಿಮೆ ತೋರಿಸಲು ಸಭೆಯಲ್ಲಿ ಕೈಯಿಂದ ಕೈಗೆ ದಾಟಿದ ಆ ಕ್ಯಾಟಲಾಗನ್ನು ನಾನೂ ನೋಡಿದೆ. ಪುಟ ಹದಿನಾಲ್ಕರಲ್ಲಿ ಎಂಟು ಅಡಿ ಎತ್ತರದ ಫೈಬರ್ ಸೈನಿಕ, ಒಂದು ಕೈಯಲ್ಲಿ ಬಂದೂಕು, ಇನ್ನೊಂದು ಕೈಯಲ್ಲಿ ಬಾವುಟ, ಮೈಗೆಲ್ಲ ಕಂಚಿನ ಬಣ್ಣ. ದುಡ್ಡು ಕಟ್ಟಿದ ಇಪ್ಪತ್ತು ದಿನಕ್ಕೆ ಲಾರಿಯಲ್ಲಿ ಬಂದಿಳಿಯುತ್ತಾನಂತೆ. ಅದೇ ಸೈನಿಕ ಪಕ್ಕದ ಒಂದು ಊರಿನ ಸರ್ಕಲ್ಲಿನಲ್ಲಿ ನಾಲ್ಕು ವರ್ಷದಿಂದ ನಿಂತಿದ್ದಾನೆ. ಹೋದ ವಾರ ಹೋಗಿ ನೋಡಿಕೊಂಡು ಬಂದೆ. ಬಂದೂಕಿನ ನಳಿಗೆ ಮುರಿದಿದೆ, ಒಳಗಿನ ಪಿವಿಸಿ ಪೈಪು ಕಾಣುತ್ತದೆ, ಅದನ್ನು ಬೈಂಡಿಂಗ್ ವೈರಿನಲ್ಲಿ ಕಟ್ಟಿದ್ದಾರೆ. ಬೂಟಿಗೆ ಲೇಸು ಇಲ್ಲ. ಲೇಸು ಇರಬೇಕಾದ ಕಡೆ ಕಪ್ಪು ಬಣ್ಣದಲ್ಲಿ ಮೂರು ಅಡ್ಡಗೆರೆ ಎಳೆದಿದ್ದಾರೆ. ಮೊಣಕೈ ಬಿಸಿಲಿಗೆ ಸೀಳಿದೆ, ಸೀಳಿನೊಳಗೆ ಕಣಜ ಗೂಡು ಕಟ್ಟಿದೆ. ಮುಖದ ಬಗ್ಗೆ ಹೇಳುವುದೇ ಬೇಡ. ಅದು ಯಾರ ಮುಖವೂ ಅಲ್ಲ. ಮೀಸೆ ತೆಗೆದರೆ ಅದನ್ನೇ ರೈತನನ್ನಾಗಿಯೂ ಮಾಡಬಹುದು, ಪೇಟ ಸುತ್ತಿದರೆ ನಾಡಪ್ರಭುವನ್ನಾಗಿಯೂ ಮಾಡಬಹುದು.

ನಮ್ಮ ತಾಲ್ಲೂಕಿನಿಂದ ಸೈನ್ಯಕ್ಕೆ ಹೋಗಿ ತೀರಿಕೊಂಡ ಮೂವರಲ್ಲಿ ಒಬ್ಬ ನನ್ನ ಕ್ಲಾಸಿನಲ್ಲಿ ಕೂತಿದ್ದವನು. ಡ್ರಾಯಿಂಗ್ ಪಿರಿಯಡ್ಡಿನಲ್ಲಿ ಏನು ಬಿಡಿಸು ಅಂದರೂ ಟ್ರ್ಯಾಕ್ಟರ್ ಬಿಡಿಸುತ್ತಿದ್ದ. ಹೂಜಿ ಬಿಡಿಸೋ ಅಂದರೆ ಹೂಜಿಯ ಪಕ್ಕ ಟ್ರ್ಯಾಕ್ಟರ್. ಅವನಿಗಾಗಿ ನಿಲ್ಲಿಸುವ ಪ್ರತಿಮೆಗೆ ಪುಟ ಹದಿನಾಲ್ಕರ ಮುಖ ಬರುತ್ತದೆ ಅಂದಾಗ ನನಗೆ ಸಂಕಟವಾಯಿತು.

ಆರು ವರ್ಷದ ಹಿಂದೆ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಅವಳ ಊರಿಗೆ ರೈಲು ಹಿಡಿಯಬೇಕಾದದ್ದು ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿನಲ್ಲಿ. ಅಲ್ಲಿ ಒಂದನೇ ಪ್ಲಾಟ್‌ಫಾರ್ಮಿನ ಗೋಡೆಗೆ ಒಬ್ಬ ಕಂಚಿನ ಸೈನಿಕ ನಿಂತಿದ್ದಾನೆ. ಬಂದೂಕು ಎತ್ತಿಲ್ಲ, ಕೂಗುತ್ತಿಲ್ಲ, ಯಾರ ಮೇಲೂ ಎರಗುತ್ತಿಲ್ಲ. ದಪ್ಪ ಕೋಟು ಭುಜದ ಮೇಲೆ ಸುಮ್ಮನೆ ಹೊದ್ದುಕೊಂಡಿದ್ದಾನೆ, ಕುತ್ತಿಗೆಗೆ ಮನೆಯಲ್ಲಿ ಹೆಣೆದಂಥ ಮಫ್ಲರು, ತಲೆಗೆ ಹೆಲ್ಮೆಟ್ಟು. ತಲೆ ಬಗ್ಗಿಸಿ ಕಾಗದ ಓದುತ್ತಿದ್ದಾನೆ. ಊರಿಂದ ಬಂದ ಕಾಗದ. ನನ್ನ ರೈಲಿಗೆ ಇಪ್ಪತ್ತೈದು ನಿಮಿಷ ಇತ್ತು, ಅಷ್ಟೂ ಹೊತ್ತು ಅವನ ಕೆಳಗೇ ನಿಂತಿದ್ದೆ. ಮಫ್ಲರಿನ ಹೆಣಿಗೆ ಎಣಿಸಬಹುದಾದಷ್ಟು ಸ್ಪಷ್ಟ. ಜನ ಸೂಟ್‌ಕೇಸ್ ಎಳೆದುಕೊಂಡು ಓಡುತ್ತಲೇ ಇದ್ದರು, ಅವನು ಓದುತ್ತಲೇ ಇದ್ದ.

ಅವನನ್ನು ಮಾಡಿದವನು ಚಾರ್ಲ್ಸ್ ಸಾರ್ಜೆಂಟ್ ಜ್ಯಾಗರ್. ಆಗ ಆ ಸ್ಟೇಷನ್ ನಡೆಸುತ್ತಿದ್ದ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿಯ 2,500ಕ್ಕೂ ಹೆಚ್ಚು ನೌಕರರು ಮೊದಲ ಮಹಾಯುದ್ಧದಲ್ಲಿ ಸತ್ತರು. ಅವರ ಹೆಸರುಗಳ ಸುರುಳಿಯನ್ನು ಪೆಟ್ಟಿಗೆಯಲ್ಲಿಟ್ಟು ಪೀಠದೊಳಗೆ ಮುಚ್ಚಿದ್ದಾರೆ. ಅನಾವರಣವಾದದ್ದು 1922ರ ನವೆಂಬರ್ 11ರಂದು. ಇನ್ನೊಂದು ವಿಷಯ ಕೇಳಿ: 2014ರಲ್ಲಿ, ಯುದ್ಧಕ್ಕೆ ನೂರು ವರ್ಷ ತುಂಬಿದಾಗ, ಈ ಸೈನಿಕನಿಗೆ ಕಾಗದ ಬರೆಯಿರಿ ಎಂದು ಜನರನ್ನು ಕೇಳಿದರು. 21,000ಕ್ಕೂ ಹೆಚ್ಚು ಕಾಗದ ಬಂದವು. ಕೈಯಲ್ಲಿ ಕಾಗದ ಹಿಡಿದು ನಿಂತಿದ್ದವನಾದ್ದರಿಂದ ಬರೆಯಬೇಕೆನಿಸಿತು. ಬಾವುಟ ಹಿಡಿದು ಕೂಗುತ್ತಿರುವವನಿಗೆ ಯಾರು ಕಾಗದ ಬರೆದಾರು?

ಊರಿಗೆ ಬಂದ ಮೇಲೆ ಈ ಜ್ಯಾಗರ್ ಯಾರು ಎಂದು ಹುಡುಕಿ ಹುಡುಕಿ ಓದಿದೆ. ನಿವೃತ್ತ ಮೇಷ್ಟ್ರಿಗೆ ಇನ್ನೇನು ಕೆಲಸ. 1885ರಲ್ಲಿ ಯಾರ್ಕ್‌ಷೈರಿನ ಕಲ್ಲಿದ್ದಲ ಸೀಮೆಯ ಕಿಲ್ನ್‌ಹರ್ಸ್ಟ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ಹದಿನಾಲ್ಕಕ್ಕೆ ಶೆಫೀಲ್ಡಿನ ಬೆಳ್ಳಿ ಸಾಮಾನಿನ ಕಂಪನಿಯೊಂದರಲ್ಲಿ ಲೋಹದ ಮೇಲೆ ಕೆತ್ತುವ ಕೆಲಸಕ್ಕೆ ಸೇರಿದ. ಹಗಲು ತಟ್ಟೆ ಲೋಟಗಳ ಮೇಲೆ ಬಳ್ಳಿ ಹೂವು ಕೊರೆಯುವುದು, ಸಂಜೆ ಕಲಾಶಾಲೆ. ಮುಂದೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. 1914ರಲ್ಲಿ ರೋಮಿಗೆ ಹೋಗಿ ಕಲಿಯುವ ದೊಡ್ಡ ಸ್ಕಾಲರ್‌ಶಿಪ್ ಸಿಕ್ಕಿತು, ಅದೇ ವರ್ಷ ಯುದ್ಧವೂ ಶುರುವಾಯಿತು. ಸ್ಕಾಲರ್‌ಶಿಪ್ ಬಿಟ್ಟು ಸೈನ್ಯ ಸೇರಿದ. ಟರ್ಕಿಯ ಗಲಿಪೊಲಿಯಲ್ಲಿ ಗುಂಡು ತಿಂದ, 1918ರಲ್ಲಿ ಫ್ರಾನ್ಸ್-ಬೆಲ್ಜಿಯಂ ಕಡೆ ಮತ್ತೆ ಗಾಯಗೊಂಡ, ಮಿಲಿಟರಿ ಕ್ರಾಸ್ ಪದಕ ಬಂತು.

ಗಾಯ ಮಾಯುತ್ತಿದ್ದ ದಿನಗಳಲ್ಲಿ ಶುರುಮಾಡಿದ ಒಂದು ಉದ್ದನೆಯ ಉಬ್ಬುಶಿಲ್ಪ ಈಗ ಟೇಟ್ ಗ್ಯಾಲರಿಯ ಸಂಗ್ರಹದಲ್ಲಿದೆ. ಮುಳ್ಳುತಂತಿ, ಅದರಲ್ಲಿ ಸಿಕ್ಕಿಕೊಂಡ ಹೆಣಗಳು. ಆ ಹೆಣಗಳ ನಡುವೆ ಒಬ್ಬ ಬದುಕಿರುವವನು ತಾನೂ ಹೆಣದ ಹಾಗೆ ಮಲಗಿದ್ದಾನೆ. ಶತ್ರುವಿನ ಕಡೆಯಿಂದ ಬರುವ ಸದ್ದಿಗೆ ಕಿವಿಗೊಟ್ಟು ಕಾಯುವುದು ಅವನ ಡ್ಯೂಟಿ. ಕಂದಕದಲ್ಲಿ ಇದ್ದು ಬಂದವನಿಗಲ್ಲದೆ ಬೇರೆ ಯಾರಿಗೂ ಇದು ಹೊಳೆಯುವುದಿಲ್ಲ.

ಈಗ ಸಮಿತಿಯ ಕಥೆಗೆ ಬರುತ್ತೇನೆ. ನಿಮ್ಮ ಸಮಿತಿಯದ್ದಲ್ಲ, ಅವನಿಗೆ ಗಂಟುಬಿದ್ದ ಸಮಿತಿಯದ್ದು.

ಬ್ರಿಟಿಷ್ ಫಿರಂಗಿ ದಳದಲ್ಲಿ ಆ ಯುದ್ಧದಲ್ಲಿ ಸತ್ತವರು 49,076 ಮಂದಿ. ಅವರಿಗಾಗಿ ಲಂಡನ್ನಿನ ಹೈಡ್ ಪಾರ್ಕ್ ಕಾರ್ನರಿನಲ್ಲಿ ಸ್ಮಾರಕ ಕಟ್ಟಲು ಸೇನಾಧಿಕಾರಿಗಳ ಸಮಿತಿಯೊಂದಿತ್ತು. ನೋಡಿದ ಕೂಡಲೇ ಇದು ಫಿರಂಗಿಯವರದ್ದು ಅಂತ ಗೊತ್ತಾಗಬೇಕು ಎಂಬುದು ಅವರ ಷರತ್ತು. ಜ್ಯಾಗರ್ ಒಂದು ದೈತ್ಯ ಹೋವಿಟ್ಜರ್ ಫಿರಂಗಿಯನ್ನೇ ಕಲ್ಲಿನಲ್ಲಿ ಕಡೆದು ಮೇಲೆ ಕೂರಿಸಿದ. ದೇವತೆ ಇಲ್ಲ, ರೆಕ್ಕೆ ಇಲ್ಲ, ಜಯಮಾಲೆ ಹಿಡಿದ ಹೆಣ್ಣೂ ಇಲ್ಲ. ಬೆಂಕಿ ಉಗುಳಲು ಹೊಂಚುಹಾಕಿ ಕೂತ ಕಪ್ಪೆಯ ಹಾಗಿದೆ ಎಂದು ದೊಡ್ಡ ಮನುಷ್ಯರು ಮೂದಲಿಸಿದರು. ಫಿರಂಗಿಯ ಕೆಳಗೆ ನಾಲ್ಕು ದಿಕ್ಕಿಗೆ ನಾಲ್ಕು ಕಂಚಿನ ಆಳುಗಳು. ಒಬ್ಬ ಅಧಿಕಾರಿ, ಕೋಟನ್ನು ಕೈಯಲ್ಲಿ ಹಿಡಿದು ನಿಂತಿದ್ದಾನೆ. ಒಬ್ಬ ಫಿರಂಗಿಯ ಗುಂಡು ಹೊರುವವನು, ಅವನ ಚೀಲಗಳ ಭಾರ ನೋಡಿದರೆ ನಮ್ಮ ಹೆಗಲು ಬಗ್ಗುತ್ತದೆ. ಒಬ್ಬ ಫಿರಂಗಿ ಎಳೆಯುವ ಕುದುರೆಗಳನ್ನು ಹೊಡೆಯುವವನು: ಎರಡು ತೋಳನ್ನೂ ಹಿಂದಿನ ಗೋಡೆಯ ಮೇಲೆ ಚಾಚಿ, ಬೆನ್ನು ಕೊಟ್ಟು ಒರಗಿದ್ದಾನೆ. ದಣಿವು ಅಂದರೆ ಅದು. ಶಿಲುಬೆಯ ನೆನಪು ಬರುತ್ತದೆ ಎನ್ನುವವರಿದ್ದಾರೆ. ನನಗೆ ನೆನಪಾದದ್ದು ಕಬ್ಬು ಕಡಿದು ಗಾಡಿಗೆ ಒರಗಿ ನಿಲ್ಲುವ ಆಳು. ಕುದುರೆಗಳ ನಡುವೆ ಕಾಲು ಜಜ್ಜಿಹೋಗದಿರಲಿ ಎಂದು ಈ ಸವಾರರು ಒಂದು ಕಾಲಿಗೆ ಗಟ್ಟಿಯಾದ ಕವಚ ಕಟ್ಟಿಕೊಳ್ಳುತ್ತಿದ್ದರು. ಅದನ್ನೂ ಜ್ಯಾಗರ್ ಬಿಟ್ಟಿಲ್ಲ.

ನಾಲ್ಕನೆಯವನೇ ತಕರಾರಿಗೆ ಕಾರಣನಾದವನು. ಅವನು ಸತ್ತಿದ್ದಾನೆ. ಮಲಗಿಸಿ ಮೈಮೇಲೆ ಅವನದ್ದೇ ಕೋಟು ಮುಚ್ಚಿದ್ದಾರೆ, ಮುಖವೂ ಕಾಣುವುದಿಲ್ಲ. ಹೆಲ್ಮೆಟ್ಟು ಎದೆಯ ಮೇಲಿದೆ. ಬೂಟು ಹಾಗೇ ಹೊರಗೆ ಚಾಚಿಕೊಂಡಿದೆ.

ಸಮಿತಿ ಹಿಂಜರಿಯಿತು. ಸ್ಮಾರಕದಲ್ಲಿ ಹೆಣವೇ? ಮನೆಯವರು ಬಂದು ನೋಡುವುದಿಲ್ಲವೇ? ತೀರಾ ಅನ್ಯಾಯದ ಪ್ರಶ್ನೆಯೇನಲ್ಲ, ಆ ಸಮಿತಿಯಲ್ಲಿ ಇದ್ದಿದ್ದರೆ ನಾನೂ ಕೇಳುತ್ತಿದ್ದೆನೋ ಏನೋ. ಜ್ಯಾಗರ್ ಪಟ್ಟು ಬಿಡಲಿಲ್ಲ. ಬೇಕಾದರೆ ಆ ಒಂದು ಮೂರ್ತಿಯ ಖರ್ಚನ್ನು ನಾನೇ ಹಾಕಿಕೊಳ್ಳುತ್ತೇನೆ ಅಂದ. ಕೊನೆಗೆ ಸಮಿತಿ ಒಪ್ಪಿತು. ಕೆಳಗೆ ಶೇಕ್ಸ್‌ಪಿಯರನ ನಾಟಕದ ಒಂದು ಸಾಲು ಕೊರೆಸಿದರು. ನಾಲ್ಕು ವರ್ಷದ ಕೆಲಸ ಮುಗಿದು 1925ರ ಅಕ್ಟೋಬರ್ 18ರಂದು ಅನಾವರಣವಾಯಿತು. ಪತ್ರಿಕೆಗಳಲ್ಲಿ ಬೈಗುಳವೂ ಬಂತು, ಮರುವರ್ಷ ಶಿಲ್ಪಿಗಳ ಸಂಘ ಚಿನ್ನದ ಪದಕವನ್ನೂ ಕೊಟ್ಟಿತು. ಇಂದು ಬ್ರಿಟನ್ನಿನ ಯುದ್ಧ ಸ್ಮಾರಕಗಳಲ್ಲಿ ಅದಕ್ಕೆ ಸಾಟಿಯಿಲ್ಲ ಎನ್ನುವವರೇ ಹೆಚ್ಚು. ಸಮಿತಿಯಲ್ಲಿ ಯಾರು ಯಾರಿದ್ದರು ಎಂದು ಈಗ ಯಾರಾದರೂ ಕೇಳುತ್ತಾರೆಯೇ? (ನಮ್ಮ ಅಡಿಗಲ್ಲಿನ ಫಲಕಕ್ಕೆ ಹದಿನೇಳು ಹೆಸರು ಟೈಪಾಗಿರುವುದನ್ನು ನೋಡಿದ್ದೇನೆ. ಸತ್ತವರು ಮೂವರು.)

ಇಷ್ಟೆಲ್ಲ ಹೊಗಳಿದ ಮೇಲೆ ಜ್ಯಾಗರನ ಇನ್ನೊಂದು ಕೆಲಸದ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಅದು ನಮ್ಮವರಿಗೆ ಸಂಬಂಧಪಟ್ಟದ್ದು. ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಸತ್ತು, ಗೋರಿಯೂ ಸಿಗದೆ ಹೋದ ಭಾರತೀಯ ಸೇನೆಯ ಸುಮಾರು 4,000 ಮಂದಿಗಾಗಿ ಸೂಯೆಜ್ ಕಾಲುವೆಯ ದಕ್ಷಿಣದ ತುದಿಯಲ್ಲಿ, ಪೋರ್ಟ್ ತೌಫೀಕಿನಲ್ಲಿ, 1926ರಲ್ಲಿ ಒಂದು ಸ್ಮಾರಕ ಎದ್ದಿತು. ಅದರ ಶಿಲ್ಪಗಳೂ ಜ್ಯಾಗರನವೇ. ಅಲ್ಲಿ ಅವನು ಏನು ಮಾಡಿದ ಗೊತ್ತೇ? ಎರಡು ಹುಲಿ ಕೂರಿಸಿದ. ಗುರುಗುಟ್ಟುವ ಎರಡು ಹುಲಿ.

ಹುಲಿಗಳೇನೋ ಅಮೋಘವಾಗಿದ್ದವು, ಫೋಟೋ ನೋಡಿದ್ದೇನೆ. ಆದರೆ ತನ್ನ ದೇಶದ ಗಾಡಿಯಾಳಿನ ಕಾಲಿನ ಕವಚವನ್ನೂ ಮರೆಯದವನಿಗೆ ನಮ್ಮ ಸಿಪಾಯಿಯ ರುಮಾಲು, ಪಟ್ಟಿ ಸುತ್ತಿದ ಕಾಲು, ನೀರಿನ ಬಾಟಲಿ ಯಾಕೆ ಕಾಣಲಿಲ್ಲ? ಅವರ ಪಾಲಿಗೆ ಮನುಷ್ಯ, ನಮ್ಮ ಪಾಲಿಗೆ ಹುಲಿ. ಹೊಗಳಿಕೆಯೇ ಇರಬಹುದು. ಹೊಗಳಿ ಮುಖ ಅಳಿಸುವುದೂ ಉಂಟು. ಮುಂದೆ ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ ಕಾಳಗಗಳಲ್ಲಿ ಆ ಸ್ಮಾರಕ ಜಖಂಗೊಂಡು ಕೊನೆಗೆ ಕೆಡವಬೇಕಾಯಿತು. ಆ ಹೆಸರುಗಳ ನೆನಪಿಗೆ 1980ರಲ್ಲಿ ಕೈರೋ ಪಕ್ಕದ ಹೆಲಿಯೊಪೊಲಿಸ್ ಯುದ್ಧ ಸ್ಮಶಾನದಲ್ಲಿ ಬೇರೆ ಸ್ಮಾರಕ ಕಟ್ಟಿದರು.

ನಮ್ಮ ಹುಡುಗನ ಶವ ಬಂದ ದಿನ ಬಸ್‌ಸ್ಟ್ಯಾಂಡಿನಿಂದ ಅವನ ಮನೆಯವರೆಗೂ ಫ್ಲೆಕ್ಸ್ ಕಟ್ಟಿದ್ದೆವು. ನನ್ನ ಚಂದಾ ದುಡ್ಡೂ ಅದರಲ್ಲಿತ್ತು. ಏನು ಬರೆಸಿದ್ದೆವು ನೆನಪಿದೆಯೇ? "ನಮ್ಮೂರ ಹುಲಿ". ಪಕ್ಕದಲ್ಲಿ ಕಂಪ್ಯೂಟರಿನಿಂದ ಇಳಿಸಿದ ಹುಲಿಯ ತಲೆ, ಅವನ ತಲೆಗಿಂತ ದೊಡ್ಡದು. ಜ್ಯಾಗರನನ್ನು ಬೈಯುವ ಮೊದಲು ಇದನ್ನೂ ಒಪ್ಪಿಕೊಳ್ಳಬೇಕಾಯಿತು. ಪುಟ ಹದಿನಾಲ್ಕರ ಆ ಸೈನಿಕನೂ ಇನ್ನೊಂದು ಹುಲಿಯೇ.

ದೆಹಲಿಯ ಕಥೆಯೂ ಇದೆ. ಇಂಡಿಯಾ ಗೇಟಿನ ಹಿಂದಿನ ಕಲ್ಲಿನ ಮಂಟಪದಲ್ಲಿ ಮೊದಲು ನಿಂತಿದ್ದ ಐದನೇ ಜಾರ್ಜ್ ದೊರೆಯ ಅಮೃತಶಿಲೆಯ ಮೂರ್ತಿ ಕೂಡ ಇದೇ ಜ್ಯಾಗರನ ಕೈಯದು. ಅದು ಮುಗಿಯುವ ಮೊದಲೇ, 1934ರ ನವೆಂಬರಿನಲ್ಲಿ, 48ನೇ ವಯಸ್ಸಿಗೆ ಆತ ತೀರಿಕೊಂಡ. 1968ರಲ್ಲಿ ಆ ದೊರೆಯನ್ನು ಇಳಿಸಿ ಊರಾಚೆಯ ಕೊರೊನೇಷನ್ ಪಾರ್ಕಿಗೆ ಸಾಗಿಸಿದರು. ಮಂಟಪ ಐವತ್ತಕ್ಕೂ ಹೆಚ್ಚು ವರ್ಷ ಬರಿದಾಗಿತ್ತು. 2022ರ ಸೆಪ್ಟೆಂಬರ್ 8ರಂದು ಅಲ್ಲಿ ನೇತಾಜಿ ಬಂದು ನಿಂತರು: 28 ಅಡಿಯ ಕಪ್ಪು ಗ್ರಾನೈಟ್, ತೆಲಂಗಾಣದಿಂದ ತಂದ ಒಂದೇ ಕಲ್ಲು. ಆ ಕೆಲಸದ ಮುಂದಾಳು ಅರುಣ್ ಯೋಗಿರಾಜ್, ನಮ್ಮ ಮೈಸೂರಿನವರು. ಇಲ್ಲಿಂದ ಒಂದೂವರೆ ಗಂಟೆಯ ದಾರಿ. ಲಂಡನ್ನಿನ ಶಿಲ್ಪಿ ಬಿಟ್ಟುಹೋದ ಜಾಗವನ್ನು ತುಂಬಬಲ್ಲ ಕೈಗಳು ಪಕ್ಕದ ಜಿಲ್ಲೆಯಲ್ಲಿರುವಾಗ ನಾವು ಫೈಬರಿಗೆ ಅಡ್ವಾನ್ಸ್ ಕೊಡಲು ಹೊರಟಿದ್ದೇವೆ. ಅವರನ್ನೇ ಕರೆಸಿ ಅಂತಲ್ಲ. ನಮ್ಮ ಯೋಗ್ಯತೆ, ನಮ್ಮ ಖಾತೆಯ ದುಡ್ಡು ನನಗೂ ಗೊತ್ತು. ಆ ಊರಿನಲ್ಲಿ ಕಲ್ಲಿನ ಕೆಲಸವನ್ನೇ ನಂಬಿ ಬದುಕುವ ಮನೆತನಗಳು ಇನ್ನೂ ಇವೆ, ಕಲಾಶಾಲೆಯಲ್ಲಿ ಕಲಿತು ಕೆಲಸಕ್ಕೆ ಕಾದಿರುವ ಹುಡುಗ ಹುಡುಗಿಯರಿದ್ದಾರೆ ಎಂದಷ್ಟೇ ಹೇಳುತ್ತಿದ್ದೇನೆ.

ಖಜಾಂಚಿಗಳು ಕಂಚಿನ ರೇಟು ಕೇಳಿ ಹೌಹಾರಿದ್ದು ಸರಿಯೇ. ನನ್ನ ಸಲಹೆ ಕಂಚಲ್ಲ. ಎಂಟು ಅಡಿಯೂ ಅಲ್ಲ. ಐದು ಅಡಿಯ ಒಂದು ಕಲ್ಲು ಸಾಕು, ಅದರಲ್ಲಿ ಉಬ್ಬುಶಿಲ್ಪ. ಇದಕ್ಕೆ ನಮ್ಮಲ್ಲಿ ಹೆಸರೇ ಇದೆಯಲ್ಲ, ವೀರಗಲ್ಲು. ಊರ ಕೆರೆ ಏರಿಯ ಮೇಲೆ ಎರಡಿವೆ, ಒಂದಕ್ಕೆ ಎಮ್ಮೆ ಕಟ್ಟುತ್ತಾರೆ.

ಆತಕೂರು ನಮಗೆ ದೂರವಲ್ಲ, ಮದ್ದೂರು ತಾಲ್ಲೂಕಿನದ್ದು. ಅಲ್ಲಿನ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ, ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟರೂ ಗಂಗರೂ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದರು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ದೊರೆ ಬೂತುಗ ಏನು ಬೇಕು ಕೇಳು ಅಂದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿ ಕೇಳಿದ. ಆ ಕಾಳಿ ಮುಂದೆ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಕಲ್ಲಿನ ಮೇಲೆ ಇರುವ ಚಿತ್ರ ಅದೇ: ನಾಯಿ, ಹಂದಿ. ಒಂದು ಸಾವಿರ ವರ್ಷದ ಮೇಲೂ ಅದು ಯಾವ ನಾಯಿ, ಯಾರ ನಾಯಿ ಎಂದು ನಮಗೆ ಗೊತ್ತು. ಅಚ್ಚಿನ ಸೈನಿಕನ ಬಗ್ಗೆ ಇಪ್ಪತ್ತು ವರ್ಷದ ಮೇಲೆ ಇಷ್ಟು ಹೇಳಲು ಆದೀತೇ?

ಆ ಶಾಸನದ ಕೊನೆಯ ಮಾತು ನನಗೆ ಇನ್ನೂ ಇಷ್ಟ. ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟು, ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಕೊರೆಸಿದ್ದಾರೆ. ಎಂಥ ಮುಂದಾಲೋಚನೆ ನೋಡಿ. ನಮ್ಮ ಎಸ್ಟಿಮೇಟಿನಲ್ಲಿ ಅನಾವರಣದ ಶಾಮಿಯಾನಕ್ಕೆ, ಹಾರಕ್ಕೆ, ಊಟಕ್ಕೆ ಕಾಲಂ ಇದೆ. ಮಾರನೇ ವರ್ಷ ಕಸ ಗುಡಿಸುವವರಿಗೆ ಇಲ್ಲ. ಶಾಮಿಯಾನದ ದುಡ್ಡನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ನೋಡಿಕೊಳ್ಳಲಿ. ಶಾಪ ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು.

ಶಿಲ್ಪಿಯ ಹೆಸರನ್ನೂ ಕೊರೆಸಿ. ಬಳ್ಳಿಗಾವೆಯ ದಾಸೋಜ ಬೇಲೂರಿನಲ್ಲಿ ತನ್ನ ಮೂರ್ತಿಗಳ ಕೆಳಗೆ ಹೆಸರು ಹಾಕಿದ, ಹೊಯ್ಸಳ ದೊರೆಗೆ ಅದರಿಂದೇನೂ ಕಡಿಮೆಯಾಗಲಿಲ್ಲ. ಹೆಸರು ಹಾಕಬೇಕು ಅಂದರೆ ಮಾಡುವವನ ಕೈಗೂ ಭಯ ಇರುತ್ತದೆ. ಪುಟ ಹದಿನಾಲ್ಕರ ಮೂರ್ತಿಗೆ ಹೆಸರಿಲ್ಲ, ಕೋಡ್ ನಂಬರ್ ಇದೆ.

ಸಭೆಯ ಮಾರನೇ ದಿನ ನನ್ನ ಶಿಷ್ಯನ ಅವ್ವನನ್ನು ನೋಡಲು ಹೋದೆ. ನೀವು ಯಾರೂ ಇನ್ನೂ ಹೋಗಿಲ್ಲವಂತೆ, ಅಭಿಪ್ರಾಯ ಕೇಳಲು ಅಂತ ಹೇಳುತ್ತಿದ್ದೇನೆ. ಚೆಕ್ಕು ಕೊಡಲು ಹೋಗಿ ಫೋಟೋ ಹಿಡಿಸಿಕೊಂಡದ್ದು ಗೊತ್ತಿದೆ. ಮೊಬೈಲಿನಲ್ಲಿ ಆ ಪ್ರತಿಮೆಯ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅಂದರು:

"ಚೆನ್ನಾಗೈತೆ ಮೇಷ್ಟ್ರೆ. ಆದ್ರೆ ಅವ್ನು ಯಾವತ್ತು ಹಿಂಗೆ ನೆಟ್ಗೆ ನಿಂತಿದ್ದ? ರಜಕ್ಕೆ ಬಂದ್ರೆ ಆ ಬಾಗ್ಲಿಗೆ ಒರಿಕ್ಕಂಡು, ಒಂದ್ ಕಾಲ್ ಮ್ಯಾಲೆ ಭಾರ ಬುಟ್ಟು ನಿಂತ್ಕತಿದ್ದ. ಬೈತಿದ್ದೆ, ಬಾಗ್ಲಲ್ಲಿ ನಿಂತ್ಕಬ್ಯಾಡ ಕಣ್ಲಾ ಅಂತ."

ನಾನು ಬಾಗಿಲನ್ನು ನೋಡಿದೆ. ಎಡಗಡೆಯ ಚೌಕಟ್ಟಿನಲ್ಲಿ, ಭುಜದೆತ್ತರಕ್ಕೆ, ಹಸಿರು ಬಣ್ಣ ಸವೆದು ಮರ ಕಾಣುತ್ತಿತ್ತು. ಜೇಬಿನಲ್ಲಿದ್ದ ಸ್ಕೇಲಿನಿಂದ ಅಳೆದೆ. ಡ್ರಾಯಿಂಗ್ ಮೇಷ್ಟ್ರ ಚಾಳಿ. ನೆಲದಿಂದ ನಾಲ್ಕು ಅಡಿ ಏಳು ಇಂಚು.

ಆ ಅಳತೆ ಬರೆದುಕೊಂಡು ಮೈಸೂರಿಗೆ ಹೋದೆ. ಪರಿಚಯದ ಶಿಲ್ಪಿಯೊಬ್ಬರಿಗೆ ಎಲ್ಲ ಹೇಳಿದೆ. ಎಂಟು ತಿಂಗಳು ಬೇಕು ಅಂದರು, ಮೂವರ ಮನೆಗೂ ತಾನೇ ಬಂದು ಮಾತಾಡಬೇಕು ಅಂದರು, ಅವರ ಬೂಟು ಬಟ್ಟೆ ಏನಿದ್ದರೂ ತೋರಿಸಬೇಕು ಅಂದರು. ರೇಟು ಆಮೇಲೆ ಹೇಳಿದರು. ಫೈಬರಿನವನಿಗಿಂತ ಹೆಚ್ಚು, ಆದರೆ ನಮ್ಮ ಖಾತೆಯಲ್ಲಿರುವುದಕ್ಕಿಂತ ಕಡಿಮೆ. ಗಣರಾಜ್ಯೋತ್ಸವಕ್ಕೆ ಆಗುವುದಿಲ್ಲ. ಲಂಡನ್ನಿನವರು ಯುದ್ಧ ಮುಗಿದು ಏಳು ವರ್ಷ ಕಾದಿದ್ದರು, ನಾವು ಆಗಸ್ಟ್ 15ರವರೆಗಾದರೂ ಕಾಯೋಣ. ಶಾಸಕರ ಡೇಟು ತಪ್ಪಿದರೆ ಇನ್ನೊಂದು ಡೇಟು ಸಿಗುತ್ತದೆ.

ಅವರು ಕೈಯಳತೆಯ ಮಣ್ಣಿನ ಮಾದರಿಯೊಂದನ್ನು ಮಾಡಿಟ್ಟಿದ್ದಾರೆ. ದುಡ್ಡು ಕೇಳಿಲ್ಲ. ಒಣಗದಂತೆ ಒದ್ದೆ ಗೋಣಿ ಮುಚ್ಚಿಟ್ಟಿದ್ದಾರೆ, ಬಹಳ ದಿನ ಇಡಲಾಗುವುದಿಲ್ಲವಂತೆ. ಬರುವ ಭಾನುವಾರ ಬೆಳಿಗ್ಗೆ ಏಳೂಕಾಲಿನ ಮೈಸೂರು ಬಸ್ಸಿಗೆ ನಾನು ಹೊರಡುತ್ತೇನೆ. ಅವನ ಅವ್ವನೂ ಬರುತ್ತಾರೆ. ಅಡ್ವಾನ್ಸ್ ಚೆಕ್ಕಿಗೆ ಸಹಿ ಹಾಕುವ ಮೊದಲು ನಿಮ್ಮಲ್ಲಿ ಇಬ್ಬರಾದರೂ ಬನ್ನಿ. ಟಿಕೆಟ್ಟು ನನ್ನದು, ತಿಂಡಿ ಅಲ್ಲೇ ಮಾಡೋಣ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮಲ್ಲಿ ಅರ್ಧ ಜನಕ್ಕೆ ಹೂಜಿ ಬಿಡಿಸಲು ಕಲಿಸಿದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು